ಕಿರ್ರೆನ್ನುವ ಚಕ್ರ, ಆರದ ಹಳದಿ ದೀಪ

ಹತ್ತು–ಹನ್ನೆರಡು ವರ್ಷ ಓಡಿದ ಕಾರು ಗ್ಯಾರೇಜಿಗೆ ಬಂದಾಗ ಮಾಲೀಕರು ಹೇಳುವುದು ಸಾಮಾನ್ಯವಾಗಿ ಇಷ್ಟೇ: ‘ಅಣ್ಣಾ, ಬ್ರೇಕ್ ಹಾಕಿದ್ರೆ ಸೌಂಡ್ ಬರ್ತಿದೆ, ಪ್ಯಾಡ್ ಚೇಂಜ್ ಮಾಡ್ಬಿಡಿ.’ ದೂರನ್ನೂ ಪರಿಹಾರವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿರುತ್ತಾರೆ. ಬ್ರೇಕಿನ ಕೆಲಸದಲ್ಲಿ ಪಳಗಿದ ಮೇಸ್ತ್ರಿ ಆ ಮಾತಿಗೆ ತಲೆಯಾಡಿಸಿ, ಪಾನಾ ಎತ್ತಿಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತಾರೆ. ಸೌಂಡು ಬೆಳಿಗ್ಗೆ ಮಾತ್ರವೋ, ದಿನವಿಡೀ ಉಂಟೋ? ಪೆಡಲ್ ಒತ್ತಿದಾಗ ಬರುತ್ತದೋ, ಬಿಟ್ಟಾಗಲೋ? ಸ್ಟೀರಿಂಗ್ ತಿರುಗಿಸಿದರೆ ಬದಲಾಗುತ್ತದೋ? ಕಾಲಿಗೆ ಏನಾದರೂ ನಡುಕ ತಿಳಿಯುತ್ತದೋ? ಆಮೇಲೆ ಕಿಟಕಿ ಇಳಿಸಿ, ರೇಡಿಯೋ ಆರಿಸಿ, ಗೋಡೆಯೊಂದರ ಪಕ್ಕದಲ್ಲಿ ಕಾರನ್ನು ನಿಧಾನವಾಗಿ ಓಡಿಸುತ್ತಾರೆ. ಗೋಡೆಗೆ ಬಡಿದು ಹಿಂದಿರುಗುವ ಶಬ್ದದಿಂದ ಅದು ಎಡಗಡೆಯದೋ ಬಲಗಡೆಯದೋ ಎಂಬುದು ಬೇಗ ಗೊತ್ತಾಗುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಲಿನ ಓಣಿಗಳಲ್ಲಿ, ಹುಬ್ಬಳ್ಳಿಯ ಹೆದ್ದಾರಿ ಬದಿಯ ಶೆಡ್ಡುಗಳಲ್ಲಿ, ಮಂಗಳೂರಿನ ತಗಡಿನ ಮಾಡಿನ ಕೆಳಗೆ ದಿನವೂ ನಡೆಯುವ ಈ ಕೆಲಸವನ್ನು ನಾವು ‘ರಿಪೇರಿ’ ಎಂದು ಕರೆದು ಸುಮ್ಮನಾಗುತ್ತೇವೆ. ರಿಪೇರಿ ಅದರ ಕೊನೆಯ ಅರ್ಧ ಗಂಟೆ ಮಾತ್ರ. ಅದಕ್ಕೂ ಮೊದಲಿನ ಹುಡುಕಾಟವೇ ನಿಜವಾದ ಕಸುಬು. ಆ ಹುಡುಕಾಟಕ್ಕೆ ಬಿಲ್ಲಿನಲ್ಲಿ ಒಂದು ಸಾಲಿನ ಜಾಗವೂ ಇಲ್ಲದಿರುವುದು ಅನ್ಯಾಯ ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ.

ಮೊದಲು ಶಬ್ದಗಳ ವಿಷಯ. ರಾತ್ರಿ ಮಳೆಯಲ್ಲಿ ನೆನೆದ ಕಾರು ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಪರಪರ ಎಂದು ಕೆರೆದು ಆಮೇಲೆ ಸುಮ್ಮನಾದರೆ ಅದು ಡಿಸ್ಕಿನ ಮೇಲೆ ಕಟ್ಟಿದ ತೆಳು ತುಕ್ಕು. ಪ್ಯಾಡು ಅದನ್ನು ಉಜ್ಜಿ ತೆಗೆಯುತ್ತದೆ, ಚಿಂತೆಯಿಲ್ಲ. ಸಣ್ಣನೆಯ, ಕಿವಿ ಚುಚ್ಚುವ ಕೀಚು ದನಿ ಬಿಡದೆ ಬರುತ್ತಿದ್ದರೆ ಪ್ಯಾಡು ಸವೆದಿದೆಯೇ ಎಂದು ನೋಡಲೇಬೇಕು. ಹಲವು ಕಾರುಗಳ ಪ್ಯಾಡಿಗೆ ತೆಳುವಾದೊಂದು ಲೋಹದ ಪಟ್ಟಿ ಇರುತ್ತದೆ. ಪ್ಯಾಡಿನ ಮಸಾಲೆ ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕೂಗಲಿ ಎಂದೇ ಇಟ್ಟದ್ದು. ಆ ಕೂಗನ್ನು ತಿಂಗಳುಗಟ್ಟಲೆ ಅಲಕ್ಷಿಸಿದವರಿಗೆ ಮುಂದೆ ಗರಗರ ಕೇಳುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಅದು. ಅಲ್ಲಿಗೆ ಪ್ಯಾಡಿನ ಜೊತೆ ಡಿಸ್ಕಿನ ಖರ್ಚೂ ಸೇರಿತು.

ಹೊಸ ಪ್ಯಾಡ್ ಹಾಕಿದ ಮೇಲೂ ಕೀಚು ನಿಲ್ಲದ ಕಾರುಗಳಿವೆ. ಮಾಲೀಕರಿಗೆ ಮೋಸಹೋದೆ ಎನಿಸುವುದು ಇಲ್ಲಿಯೇ. ಅಂಥ ಕಡೆ ಪ್ಯಾಡಿನ ಹಿಂದಿನ ಶಿಮ್ ಎಂಬ ತೆಳು ತಗಡನ್ನೋ, ಪ್ಯಾಡನ್ನು ಬಿಗಿ ಹಿಡಿಯುವ ಕ್ಲಿಪ್ಪನ್ನೋ ಯಾರೋ ಹಿಂದೊಮ್ಮೆ ‘ಇದೇನೂ ಬೇಡ’ ಎಂದು ಕಿತ್ತೆಸೆದಿರುತ್ತಾರೆ. ಬ್ರೇಕ್ ಹಿಡಿದ ಕ್ಷಣಕ್ಕೆ ‘ಟಕ್’ ಎಂದು ಒಂದೇ ಸಲ ಬಡಿದರೂ ಅನುಮಾನ ಕ್ಲಿಪ್ಪಿನ ಮೇಲೆ, ಇಲ್ಲವೇ ಸಡಿಲವಾದ ಕ್ಯಾಲಿಪರ್ ಬೋಲ್ಟಿನ ಮೇಲೆ. ಹಿಂದಿನ ಚಕ್ರದಿಂದ ಬರುವ ಒರಟು ಸದ್ದಿಗೆ ಡ್ರಮ್ಮಿನೊಳಗೆ ಕೂತ ಧೂಳು ಕಾರಣವಾಗಿರಬಹುದು. ಇನ್ನು, ವೇಗದೊಂದಿಗೆ ಏರುವ, ತಿರುವಿನಲ್ಲಿ ದನಿ ಬದಲಿಸುವ ‘ಹೂಂ’ ಎಂಬ ಗುಂಯ್‌ಗುಟ್ಟುವಿಕೆ ಬ್ರೇಕಿನದೇ ಅಲ್ಲ, ವೀಲ್ ಬೇರಿಂಗಿನದು. ಕಚ್ಚಾ ರಸ್ತೆಯಲ್ಲಿ ಹೋಗಿಬಂದ ಕಾರು ಇದ್ದಕ್ಕಿದ್ದಂತೆ ಕರ್ಕಶವಾಗಿ ಅರಚತೊಡಗಿದರೆ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಒಂದು ಚಿಕ್ಕ ಕಲ್ಲು ಸಿಕ್ಕಿರುವ ಸಾಧ್ಯತೆಯೇ ಹೆಚ್ಚು. ಕಲ್ಲು ತೆಗೆದರೆ ಮುಗಿಯಿತು, ಪಾರ್ಟಿನ ಅಗತ್ಯವೇ ಇಲ್ಲ.

ಚಕ್ರ ಬಿಚ್ಚದೆ ಪ್ಯಾಡನ್ನು ಅಳೆಯುವುದು ಹಳೆಯ ಕಾರುಗಳ ಮಟ್ಟಿಗೆ ದೊಡ್ಡ ತಪ್ಪು. ನಮ್ಮ ಬಹುತೇಕ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಬದಿಗೆ. ಅದು ಒಳಗಿನ ಪ್ಯಾಡನ್ನು ನೂಕಿದಾಗ ಕ್ಯಾಲಿಪರಿನ ದೇಹ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳಬೇಕು. ಗ್ರೀಸ್ ಒಣಗಿ ಪಿನ್ ಹಿಡಿದುಕೊಂಡರೆ ಒಳಗಿನ ಪ್ಯಾಡೊಂದೇ ದುಡಿದು ಸವೆಯುತ್ತದೆ. ಅಲಾಯ್ ಚಕ್ರದ ಕಿಂಡಿಯಿಂದ ಬಗ್ಗಿ ನೋಡಿದವರಿಗೆ ಕಾಣುವುದು ದಪ್ಪಗೆ ಉಳಿದಿರುವ ಹೊರಗಿನ ಪ್ಯಾಡು. ‘ಇನ್ನೂ ಹತ್ತು ಸಾವಿರ ಕಿಲೋಮೀಟರ್ ಓಡುತ್ತೆ’ ಎಂಬ ಭರವಸೆ ಹುಟ್ಟುವುದು ಹೀಗೆ. ಪಿನ್ನಿಗೆ ಹಚ್ಚುವ ಗ್ರೀಸೂ ಬೇರೆಯೇ. ಬೇರಿಂಗಿಗೆ ಬಳಸುವ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಬ್ರೇಕಿನ ರಬ್ಬರ್ ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವ ಹಳೆಯ ರೂಢಿಯಿಂದಲೂ ಇದೇ ಹಾನಿ. ಏರ್ ಹೊಡೆದು ಬ್ರೇಕಿನ ಧೂಳು ಹಾರಿಸುವುದನ್ನಂತೂ ಕೂಡಲೇ ಬಿಡಬೇಕು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದನ್ನು ಉಸಿರಾಡುವವರು ಆ ಗ್ಯಾರೇಜಿನ ಹುಡುಗರೇ.

ಪೆಡಲ್ ನಡುಗಿದರೆ ಗ್ಯಾರೇಜಿನಲ್ಲಿ ಕೇಳುವ ಮಾತು ‘ಡಿಸ್ಕ್ ಬೆಂಡ್ ಆಗಿದೆ ಸಾರ್’. ಡಿಸ್ಕ್ ಬಾಗಿರುವುದಕ್ಕಿಂತ ಅದರ ದಪ್ಪ ಸುತ್ತಲೂ ಒಂದೇ ಸಮನಾಗಿ ಉಳಿದಿಲ್ಲದಿರುವುದೇ ಹೆಚ್ಚು. ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿನಷ್ಟು ವ್ಯತ್ಯಾಸವಾದರೂ ಅಂಗಾಲಿಗೆ ತಿಳಿಯುತ್ತದೆ. ಇದನ್ನು ಕಣ್ಣಿನಿಂದ ಕಂಡುಹಿಡಿಯಲಾಗದು. ಮೈಕ್ರೋಮೀಟರ್ ಬೇಕು, ಡಯಲ್ ಗೇಜ್ ಬೇಕು. ಡಿಸ್ಕಿನ ಅಂಚಿನ ಮೇಲೆಯೇ ಕನಿಷ್ಠ ದಪ್ಪವೆಷ್ಟು ಎಂದು ಅಚ್ಚೊತ್ತಿರುವುದುಂಟು. ಲೇತಿನಲ್ಲಿ ಸವರಿಸಿದ ಮೇಲೆ ಅದಕ್ಕಿಂತ ಕೆಳಗಿಳಿಯುವ ಡಿಸ್ಕನ್ನು ಮತ್ತೆ ಹಾಕಬಾರದು. ಹೊಸ ಡಿಸ್ಕ್ ಕೂರಿಸುವಾಗ ಹಬ್ಬಿನ ಮುಖದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಕೆರೆದು ತೆಗೆಯದಿದ್ದರೆ ಹೊಸದೂ ಓಲಾಡುತ್ತದೆ.

ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವದ್ದು ಇನ್ನೊಂದು ಕಥೆ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿದ ಮೇಲೆ ಮಾನದಂಡ ಬೇಡುವ ಕನಿಷ್ಠ ಮಟ್ಟ 155 ಡಿಗ್ರಿ. ಆಗುಂಬೆಯ ತಿರುವುಗಳನ್ನೋ ಚಾರ್ಮಾಡಿಯನ್ನೋ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುವವರ ಕಾರಿನಲ್ಲಿ ಆ ಶಾಖ ಹುಟ್ಟುವುದು ಕಷ್ಟವಲ್ಲ. ದ್ರವ ಕುದಿದು ಆವಿಯ ಗುಳ್ಳೆಯೆದ್ದರೆ ಪೆಡಲ್ ನೆಲ ಮುಟ್ಟುತ್ತದೆ. ಘಟ್ಟವನ್ನು ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಲಾರಿ ಚಾಲಕರು ಹೇಳುವುದು ಈ ಕಾರಣಕ್ಕೆ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕೆಂದು ಹಲವು ಕಂಪನಿಗಳ ಕೈಪಿಡಿಗಳು ಹೇಳುವುದೂ ಇದಕ್ಕೇ.

ಈಗ ಡ್ಯಾಶ್‌ಬೋರ್ಡಿನ ಹಳದಿ ದೀಪಕ್ಕೆ, ಅಂದರೆ ಎಬಿಎಸ್‌ನ ಎಚ್ಚರಿಕೆ ದೀಪಕ್ಕೆ ಬರೋಣ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮೊದಲು ಬೇರೂರಿದ್ದು ವಿಮಾನಗಳಲ್ಲಿ. ಡನ್‌ಲಪ್ ಕಂಪನಿಯ ಮ್ಯಾಕ್ಸರೆಟ್ 1950ರ ದಶಕದಲ್ಲೇ ಬಳಕೆಯಲ್ಲಿತ್ತು. ಬಾಷ್ ಕಂಪನಿ ರೂಪಿಸಿದ ಎಲೆಕ್ಟ್ರಾನಿಕ್ ವ್ಯವಸ್ಥೆ 1978ರಲ್ಲಿ ಮರ್ಸಿಡಿಸ್ ಬೆಂಜ್‌ನ ಎಸ್ ಕ್ಲಾಸ್ ಕಾರಿಗೆ ಬಂತು. ಬೆಂಗಳೂರಿಗರು ಮೈಕೋ ಎಂದು ಕರೆಯುತ್ತಿದ್ದ ಆಡುಗೋಡಿಯ ಕಾರ್ಖಾನೆ ಅದೇ ಬಾಷ್ ಬಳಗದ್ದಾಗಿತ್ತು. ನಮ್ಮ ದೇಶದಲ್ಲಿ ಕಾರಿನ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯಿತು. ಅದಕ್ಕೂ ಮುಂಚೆ ಅದು ಹೆಚ್ಚಾಗಿ ದುಬಾರಿ ಮಾದರಿಗಳಿಗೆ ಸಿಗುತ್ತಿದ್ದ ಸೌಲಭ್ಯ. ಆ ಕಾರುಗಳೇ ಈಗ ವಯಸ್ಸಾಗಿ, ಎರಡನೆಯ ಮೂರನೆಯ ಮಾಲೀಕರ ಕೈ ಸೇರಿ, ರಸ್ತೆ ಬದಿಯ ಗ್ಯಾರೇಜಿಗೆ ಬರುತ್ತಿವೆ.

ಎಬಿಎಸ್ ಕೆಲಸ ಮಾಡುವ ಬಗೆ ಸರಳ. ಪ್ರತಿ ಚಕ್ರದ ಬಳಿ ಒಂದು ಸೆನ್ಸರ್ ಇರುತ್ತದೆ. ಅದರೆದುರು ತುರಿಮಣೆಯಂತೆ ಹಲ್ಲುಗಳಿರುವ ಉಕ್ಕಿನ ರಿಂಗು ಚಕ್ರದೊಂದಿಗೆ ತಿರುಗುತ್ತದೆ. ಹಲ್ಲು ಎಷ್ಟು ಬೇಗ ಹಾದುಹೋಗುತ್ತದೆ ಎಂಬುದರಿಂದ ಕಂಪ್ಯೂಟರಿಗೆ ಚಕ್ರದ ವೇಗ ತಿಳಿಯುತ್ತದೆ. ಜೋರಾಗಿ ಬ್ರೇಕ್ ಹಿಡಿದಾಗ ಒಂದು ಚಕ್ರದ ವೇಗ ಉಳಿದವುಗಳಿಗಿಂತ ತಟ್ಟನೆ ಕುಸಿದರೆ ಅದು ಲಾಕ್ ಆಗುತ್ತಿದೆ ಎಂದರ್ಥ. ಆಗ ಕವಾಟಗಳು ಆ ಚಕ್ರದ ಒತ್ತಡವನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತವೆ. ಪೆಡಲ್ ಗಡಗಡಿಸುವುದು, ಬಾನೆಟ್ಟಿನೊಳಗಿಂದ ಗರ್ರ್ ಎಂಬ ಸದ್ದು ಬರುವುದು ಈ ಹೊತ್ತಿನಲ್ಲಿ. ಇದಕ್ಕೆ ಬೆದರಿ ಕಾಲು ತೆಗೆಯಬಾರದು, ಪಂಪ್ ಮಾಡಲೂಬಾರದು. ಗಟ್ಟಿಯಾಗಿ ಒತ್ತಿ ಹಿಡಿದು ಸ್ಟೀರಿಂಗ್ ತಿರುಗಿಸಬೇಕು. ಲಾಕ್ ಆದ ಮುಂದಿನ ಚಕ್ರ ಸ್ಟೀರಿಂಗಿನ ಮಾತು ಕೇಳುವುದಿಲ್ಲ, ಎಬಿಎಸ್ ಇರುವುದು ಮುಖ್ಯವಾಗಿ ಆ ಹಿಡಿತವನ್ನು ಉಳಿಸಲು.

ಗ್ಯಾರೇಜುಗಳಲ್ಲಿ ಪದೇಪದೇ ಕಾಣುವ ಒಂದು ಪ್ರಕರಣವನ್ನು ತುಸು ವಿವರವಾಗಿ ಹೇಳಬೇಕು. ಒಣ ರಸ್ತೆ, ಸಿಗ್ನಲ್ ಹತ್ತಿರ ನಿಧಾನವಾಗಿ ಬ್ರೇಕ್. ಕಾರು ಇನ್ನೇನು ನಿಲ್ಲಬೇಕು, ಗಂಟೆಗೆ ಎಂಟು–ಹತ್ತು ಕಿಲೋಮೀಟರ್ ವೇಗವಿರುವಾಗ ಪೆಡಲ್ ಗರ್ರೆಂದು ಹಿಂದಕ್ಕೆ ತಳ್ಳುತ್ತದೆ, ಕಾರು ಒಂದೆರಡು ಅಡಿ ಮುಂದೆ ಜಾರಿ ನಿಲ್ಲುತ್ತದೆ. ದೀಪ ಹೊತ್ತಿಲ್ಲ. ಹೀಗಾಗಿ ಪ್ಯಾಡು ಬದಲಾಯಿಸುತ್ತಾರೆ, ಡಿಸ್ಕ್ ಸವರಿಸುತ್ತಾರೆ, ಮಾಸ್ಟರ್ ಸಿಲಿಂಡರ್ ಮೇಲೂ ಅನುಮಾನ ಬೀಳುತ್ತದೆ. ಹಣ ಹೋಗುತ್ತದೆ, ಜಾರಾಟ ಉಳಿಯುತ್ತದೆ. ಸ್ಕ್ಯಾನರ್ ಹಾಕಿ ಕೋಡ್ ನೋಡಿದರೆ ಏನೂ ಇಲ್ಲ. ತಿಳಿದವರು ಅಲ್ಲಿಗೆ ನಿಲ್ಲಿಸದೆ, ಇನ್ನೊಬ್ಬರಿಗೆ ಓಡಿಸಲು ಹೇಳಿ, ನಾಲ್ಕೂ ಚಕ್ರದ ವೇಗವನ್ನು ಪರದೆಯ ಮೇಲೆ ಜೊತೆಜೊತೆಯಾಗಿ ನೋಡುತ್ತಾ ಹೋಗುತ್ತಾರೆ. ಮೂರು ಚಕ್ರ ಎಂಟು ತೋರಿಸುತ್ತಿರುವಾಗ ಒಂದು ಸೊನ್ನೆಗೆ ಬೀಳುತ್ತದೆ. ಕಳ್ಳ ಸಿಕ್ಕಿದ. ಆ ಚಕ್ರ ಬಿಚ್ಚಿದರೆ ಆಕ್ಸಲಿನ ಮೇಲೆ ಕೂತ ರಿಂಗಿನ ಅಡಿ ತುಕ್ಕು ಬೆಳೆದು ರಿಂಗು ಸೀಳಿರುತ್ತದೆ, ಇಲ್ಲವೇ ಸೆನ್ಸರಿನಡಿ ತುಕ್ಕಿನ ಪದರ ಕಟ್ಟಿ ಅದನ್ನು ರಿಂಗಿನಿಂದ ದೂರ ಎತ್ತಿರುತ್ತದೆ. ಹಳೆಯ ಮಾದರಿಯ ಸೆನ್ಸರ್ ನಿಧಾನ ವೇಗದಲ್ಲಿ ಕೊಡುವ ಸಂಕೇತ ಮೊದಲೇ ಕ್ಷೀಣ. ನಡುವಿನ ಅಂತರ ಸ್ವಲ್ಪ ಹೆಚ್ಚಿದರೂ ಅದು ಕಳೆದುಹೋಗುತ್ತದೆ. ಚಕ್ರ ಲಾಕ್ ಆಯಿತೆಂದು ಕಂಪ್ಯೂಟರ್ ತಪ್ಪು ತಿಳಿದು ಬ್ರೇಕ್ ಸಡಿಲಿಸುತ್ತದೆ. ಉಪ್ಪುಗಾಳಿಯ ಕರಾವಳಿಯಲ್ಲಿ, ತಿಂಗಳುಗಟ್ಟಲೆ ಮಳೆ ಸುರಿಯುವ ಮಲೆನಾಡಿನಲ್ಲಿ ಓಡಿದ ಕಾರುಗಳಿಗೆ ಈ ತೊಂದರೆ ಬೇಗ ಬರುತ್ತದೆ.

ದೀಪ ಹೊತ್ತಿಕೊಂಡೇ ಇರುವ ಕಾರುಗಳಲ್ಲಿ ಹುಡುಕಾಟ ಬೇರೆ ದಾರಿ ಹಿಡಿಯುತ್ತದೆ. ಬ್ಯಾಟರಿ ಸೋತಿದೆಯೇ, ಫ್ಯೂಸ್ ಸರಿಯಿದೆಯೇ, ವೈರನ್ನು ಇಲಿ ಕಡಿದಿದೆಯೇ ಎಂದು ಮೊದಲು ನೋಡಬೇಕು. ಮುಂದಿನ ಸೆನ್ಸರಿನ ವೈರು ಪ್ರತಿ ಸಲ ಸ್ಟೀರಿಂಗ್ ತಿರುಗಿದಾಗಲೂ ಬಾಗುವುದರಿಂದ ಹೊರಗಿನ ಹೊದಿಕೆ ಚೆನ್ನಾಗಿದ್ದರೂ ಒಳಗಿನ ತಂತಿ ತುಂಡಾಗಿರಬಹುದು. ಈಚಿನ ಕಾರುಗಳಲ್ಲಿ ಹಲ್ಲಿನ ರಿಂಗಿನ ಬದಲು ಬೇರಿಂಗಿನ ಒಂದು ಬದಿಗೆ ಕಾಂತೀಯ ಪಟ್ಟಿ ಇರುತ್ತದೆ. ಬೇರಿಂಗ್ ತಿರುಗುಮುರುಗಾಗಿ ಕೂತರೆ ಕಾರು ಚೆನ್ನಾಗಿಯೇ ಓಡುತ್ತದೆ, ದೀಪ ಮಾತ್ರ ಆರುವುದಿಲ್ಲ. ಆಕ್ಸಲ್ ಬದಲಿಸುವಾಗ ಎಬಿಎಸ್ ಇಲ್ಲದ ಮಾದರಿಯದನ್ನು ಹಾಕಿಬಿಟ್ಟಿರುವ ಉದಾಹರಣೆಗಳೂ ಉಂಟು. ಶಿವಾಜಿನಗರದ ಗುಜರಿಯಿಂದ ತಂದ ಪಾರ್ಟಿನಲ್ಲಿ ರಿಂಗ್ ಇದೆಯೇ, ಇದ್ದರೆ ಹಲ್ಲುಗಳ ಸಂಖ್ಯೆ ಅಷ್ಟೇ ಇದೆಯೇ ಎಂದು ಎಣಿಸಿಯೇ ಕೊಳ್ಳಬೇಕು. ಇವೆಲ್ಲ ಮುಗಿದ ಮೇಲಷ್ಟೇ ಎಬಿಎಸ್ ಮಾಡ್ಯೂಲಿನತ್ತ ಕೈ ಹೋಗಬೇಕು. ಅದರೊಳಗಿನ ಬೆಸುಗೆ ಬಿಡುವುದು, ಪಂಪಿನ ಮೋಟಾರ್ ಕೆಡುವುದು ನಿಜವೇ. ಆದರೆ ಕೆಲವು ಸಾವಿರದ ಸೆನ್ಸರ್ ಪರೀಕ್ಷಿಸದೆ ಹತ್ತಾರು ಸಾವಿರದ ಮಾಡ್ಯೂಲ್ ಬದಲಿಸಿ ಎನ್ನುವ ಕಡೆಯಿಂದ ಕಾರು ಎತ್ತಿಕೊಂಡು ಬರುವುದೇ ಮೇಲು.

ಹಳದಿ ದೀಪವೊಂದೇ ಹೊತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ, ಎಬಿಎಸ್ ನೆರವು ಮಾತ್ರ ಇರುವುದಿಲ್ಲ. ಜಾಗ್ರತೆಯಿಂದ ಗ್ಯಾರೇಜಿನವರೆಗೆ ಓಡಿಸಬಹುದು. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ದೀಪ ಉರಿಯುತ್ತಿದ್ದರೆ ಕಾರು ನಿಲ್ಲಿಸಿ ಬ್ರೇಕ್ ಆಯಿಲಿನ ಮಟ್ಟ ನೋಡಬೇಕು. ಹಳದಿ, ಕೆಂಪು ಎರಡೂ ಸೇರಿ ಹೊತ್ತಿದರೆ ಹಿಂದಿನ ಚಕ್ರಗಳ ಬ್ರೇಕ್ ಹಂಚಿಕೆಯೂ ಕೆಟ್ಟಿರುವ ಸಂಭವವಿದೆ. ಜೋರಾಗಿ ಬ್ರೇಕ್ ಹಿಡಿದರೆ ಕಾರಿನ ಹಿಂಭಾಗ ತಿರುಗಿಬಿಡಬಹುದು, ಟೋ ಮಾಡಿಸುವುದೇ ಕ್ಷೇಮ.

ಹಳೆಯ ಕಾರು ಕೊಳ್ಳುವವರು ಇಗ್ನಿಶನ್ ಆನ್ ಮಾಡಿ ಎಬಿಎಸ್ ದೀಪ ಕೆಲವು ಕ್ಷಣ ಹೊತ್ತಿ ಆರುತ್ತದೆಯೇ ಎಂದು ನೋಡಲಿ. ಹೊತ್ತದೇ ಇದ್ದರೆ ಬಲ್ಬ್ ಕಿತ್ತು ದೋಷ ಮುಚ್ಚಿಟ್ಟಿರುವ ಸಾಧ್ಯತೆಯಿದೆ. ಅಂಥ ಕಾರನ್ನು ಕೊಳ್ಳಬಾರದು ಎಂಬುದು ನನ್ನ ಖಚಿತ ಮಾತು.

ದೋಷ ಹುಡುಕಲು ಎರಡು ಗಂಟೆ ಕಳೆದು, ಕೊನೆಗೆ ತುಕ್ಕು ಕೆರೆದು ಸೆನ್ಸರನ್ನು ಮತ್ತೆ ಕೂರಿಸಿದ ಮೇಸ್ತ್ರಿ ಕೂಲಿ ಕೇಳಿದರೆ ‘ಏನೂ ಪಾರ್ಟ್ ಹಾಕಿಲ್ಲವಲ್ಲ’ ಎನ್ನುವ ಗಿರಾಕಿಗಳೇ ಹೆಚ್ಚು. ಪಾರ್ಟಿಗೆ ಮಾತ್ರ ದುಡ್ಡು ಸಿಗುವ ಕಡೆ ಪಾರ್ಟು ಮಾರುವವರೇ ಉಳಿಯುತ್ತಾರೆ, ಹುಡುಕಬಲ್ಲವರು ಕಸುಬು ಬಿಡುತ್ತಾರೆ. ಮುಂದಿನ ಸಲ ಬ್ರೇಕಿನ ದೂರು ಹಿಡಿದು ಹೋದಾಗ ಯಾವ ಪಾರ್ಟ್ ಹಾಕಬೇಕೆಂದು ನೀವು ಹೇಳಬೇಡಿ. ಶಬ್ದ ಯಾವಾಗ, ಹೇಗೆ ಬರುತ್ತದೆ ಎಂಬುದನ್ನಷ್ಟೇ ವಿವರವಾಗಿ ಹೇಳಿ. ತೆಗೆದ ಹಳೆಯ ಪಾರ್ಟನ್ನು ಕೇಳಿ ನೋಡಿ. ದೋಷ ಹುಡುಕಿದ ಹೊತ್ತಿಗೂ ಕೂಲಿ ಕೊಡಿ.