ಯಂತ್ರದ ನಾಡಿ ಹಿಡಿದವರು

ಎದೆನೋವೆಂದು ಬಂದವರನ್ನು ಹೃದ್ರೋಗ ವಾರ್ಡಿಗೆ ಸೇರಿಸಬೇಕೋ, ಬೇಡವೋ? 1996ರ ಸುಮಾರಿಗೆ ಶಿಕಾಗೊದ ಕುಕ್ ಕೌಂಟಿ ಆಸ್ಪತ್ರೆಗೆ ಇದೇ ನಿತ್ಯದ ಇಕ್ಕಟ್ಟು. ಬಡವರ ಆಸ್ಪತ್ರೆ, ಹಾಸಿಗೆಗೆ ಸದಾ ಬರ. ವೈದ್ಯ ಬ್ರೆಂಡನ್ ರೈಲಿ ಅಲ್ಲಿಗೆ ತಂದದ್ದು ಹೃದ್ರೋಗತಜ್ಞ ಲೀ ಗೋಲ್ಡ್‌ಮನ್ ರೂಪಿಸಿದ್ದ ಪುಟ್ಟ ಸೂತ್ರ. ಇಸಿಜಿ ಏನನ್ನುತ್ತದೆ, ನೋವು ಎಂಥದ್ದು, ಶ್ವಾಸಕೋಶದಲ್ಲಿ ನೀರಿದೆಯೇ, ರಕ್ತದೊತ್ತಡದ ಮೇಲಿನ ಅಂಕಿ 100ಕ್ಕಿಂತ ಕೆಳಗಿದೆಯೇ? ಇಷ್ಟೇ. ಒಂದು ಹಾಳೆಯಲ್ಲಿ ಹಿಡಿಸುವ ಲೆಕ್ಕ!

ಸೂತ್ರವನ್ನು ರೈಲಿ ತಮ್ಮದೇ ರೋಗಿಗಳ ಮೇಲೆ ಒರೆಹಚ್ಚಿದರು. ಫಲಿತಾಂಶ 2002ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಬಂತು. ಅಪಾಯವಿಲ್ಲದವರಲ್ಲಿ ದುಬಾರಿ ವಾರ್ಡಿಗೆ ಹೋಗದೆ ಉಳಿದವರ ಪಾಲು ಶೇ 21ರಿಂದ 36ಕ್ಕೆ ಏರಿತ್ತು. ಅಪಾಯವಿದ್ದವರಲ್ಲಿ ಸರಿಯಾದ ವಾರ್ಡು ಸೇರಿದವರು ಶೇ 89ರಿಂದ 94 ಆಗಿದ್ದರು. ಈ ಎರಡನೆಯ ಏರಿಕೆ ಬರೀ ಆಕಸ್ಮಿಕವೂ ಇದ್ದೀತು ಎಂದು ಸಂಖ್ಯಾಶಾಸ್ತ್ರ ಎಚ್ಚರಿಸುತ್ತದೆ. ಹಾಸಿಗೆ ಉಳಿಯಿತು ಎಂಬುದು ಗಟ್ಟಿ, ಜೀವಕ್ಕೆ ಕುತ್ತು ಹೆಚ್ಚಿದ ಕುರುಹು ಕಾಣಲಿಲ್ಲ.

ಡೆಟ್ರಾಯಿಟ್ ಪಕ್ಕದ ಆ್ಯನ್ ಆರ್ಬರ್‌ನ ಕತೆ ಬೇರೆ. ಅಮೆರಿಕದ ನೂರಾರು ಆಸ್ಪತ್ರೆಗಳ ದಾಖಲೆ ನಡೆಸುವ ಎಪಿಕ್ ಕಂಪನಿಯ ತಂತ್ರಾಂಶ, ಸೆಪ್ಸಿಸ್ ಅಂದರೆ ಸೋಂಕು ಮೈಗೆಲ್ಲ ಏರಿ ಅಂಗಾಂಗ ಕೆಡುವ ಸ್ಥಿತಿ ಯಾರಿಗೆ ಬಂದೀತೆಂದು ಅಂಕ ಕೊಡುತ್ತದೆ. ಲೆಕ್ಕದ ಒಳಗುಟ್ಟು ಕಂಪನಿಯದು. ಆ್ಯನ್ ಆರ್ಬರ್‌ನ ಮಿಚಿಗನ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಆಸ್ಪತ್ರೆಯ 38,455 ದಾಖಲಾತಿಗಳ ಮೇಲೆ ಅದನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ರೋಗಿಗಳನ್ನು ಬೇರ್ಪಡಿಸುವ ಸಾಮರ್ಥ್ಯಕ್ಕೆ ಒಂದು ಅಳತೆಯಿದೆ: ನಾಣ್ಯ ಚಿಮ್ಮಿದರೂ 0.5 ಸಿಗುತ್ತದೆ. ಕಂಪನಿ ಹೇಳಿಕೊಂಡಿದ್ದು 0.76ರಿಂದ 0.83, ಇಲ್ಲಿ ಸಿಕ್ಕಿದ್ದು 0.63. ಸೆಪ್ಸಿಸ್ ಆದ 2,552 ಪ್ರಕರಣಗಳಲ್ಲಿ 1,709 ಕೈತಪ್ಪಿದ್ದವು. ಅಷ್ಟಾಗಿಯೂ ಒಟ್ಟು ದಾಖಲಾತಿಗಳ ಶೇ 18ರಲ್ಲಿ ಎಚ್ಚರಿಕೆ ಮೊಳಗುತ್ತಿತ್ತು. ಹಗಲಿರುಳು ಕೂಗುವ ಗಂಟೆಗೆ ಯಾವ ನರ್ಸ್ ಎಷ್ಟು ದಿನ ಓಡಿಯಾರು?

ಗಂಟೆ ಬಾರಿಸುವ ಅಂಕವನ್ನು ತಗ್ಗಿಸಿದರೆ ಸುಳ್ಳು ಕೂಗು ಹೆಚ್ಚು, ಏರಿಸಿದರೆ ನಿಜವಾದ ರೋಗಿಯೇ ತಪ್ಪಿಹೋಗುತ್ತಾರೆ. ಗೆರೆ ಎಲ್ಲಿ ಎಳೆಯಬೇಕೆಂಬುದು ಗಣಿತದ ಕೆಲಸವಲ್ಲ. ಯಾವ ತಪ್ಪು ಎಷ್ಟು ದುಬಾರಿ ಎಂಬುದು ಆ ವಾರ್ಡಿನವರಿಗೇ ಗೊತ್ತು. ನನ್ನ ಮಟ್ಟಿಗೆ, ಆ್ಯನ್ ಆರ್ಬರ್‌ನಲ್ಲಿ ಸೋತದ್ದು ಯಂತ್ರಕ್ಕಿಂತ ಹೆಚ್ಚಾಗಿ ಒಂದೂರಿನ ಅಂದಾಜು ಇನ್ನೊಂದೂರಿಗೂ ಸಲ್ಲುತ್ತದೆಂಬ ನಂಬಿಕೆ. 2022ರಲ್ಲಿ ಎಪಿಕ್ ಕೂಡ ಮಾದರಿಯನ್ನು ತಿದ್ದಿ, ಆಯಾ ಆಸ್ಪತ್ರೆಯ ದತ್ತಾಂಶದಿಂದಲೇ ಅದನ್ನು ಪಳಗಿಸಿ ಎಂದಿತು.

ಬೆಂಗಳೂರು, ಹುಬ್ಬಳ್ಳಿಯ ಆಸ್ಪತ್ರೆಗಳ ಆಡಳಿತದವರೇ, ಇಂಥ ತಂತ್ರಾಂಶ ಮಾರಲು ಬಂದವರಿಗೆ ಮೊದಲು ನಿಮ್ಮ ವಾರ್ಡಿನ ಹಳೆಯ ದಾಖಲೆ ಕೊಟ್ಟು, ಇದರ ಮೇಲೆ ಓಡಿಸಿ ತೋರಿಸಿ ಎನ್ನಿ.