ಯೆರೆಮೀಯನ ಎರಡು ಮಡಕೆ

ಕೇರಳದ ಕಳಮಶ್ಶೇರಿಯಿಂದ ಪರವೂರಿನ ದಾರಿ ಹಿಡಿದು ಉತ್ತರಕ್ಕೆ ಹೋದರೆ ಪಟ್ಟಣಂ ಎಂಬ ಹಳ್ಳಿ. 2007ರಿಂದ ಅಲ್ಲಿ ನಡೆದ ಉತ್ಖನನದಲ್ಲಿ ರೋಮನ್ ಹೂಜಿಗಳ ಚೂರುಗಳು ಸಾವಿರಗಟ್ಟಲೆ ಸಿಕ್ಕವು. ತುಂಬಿಕೊಂಡು ಬಂದ ದ್ರಾಕ್ಷಾರಸ ಎಂದೋ ಮುಗಿದಿದೆ, ಹೊತ್ತು ತಂದ ಹಡಗು ಕೊಳೆತಿದೆ. ಎರಡು ಸಾವಿರ ಮಳೆಗಾಲ ಕಂಡರೂ ಬೋಕಿ ಕರಗಿಲ್ಲ. ಸಂತ ತೋಮಾ ಕ್ರಿ.ಶ. 52ರಲ್ಲಿ ಬಂದಿಳಿದನೆಂದು ಕೇರಳದ ಕ್ರೈಸ್ತರು ನಂಬುವ ಕೊಡುಂಗಲ್ಲೂರು ಇಲ್ಲಿಗೆ ಹತ್ತಿರವೇ.

ಆ ಬೋಕಿಯನ್ನು ಕಾಪಾಡಿದ್ದು ಬೆಂಕಿ. ಹಸಿ ಮಡಕೆಯನ್ನು ಎಷ್ಟು ಬಿಸಿಲಿಗೆ ಒಣಗಿಸಿದರೂ ನೀರಿಗೆ ಹಾಕಿದೊಡನೆ ಮತ್ತೆ ಕೆಸರು. ಆವಿಗೆಗೆ ಜೋಡಿಸಿದ ಮೇಲೆ ಮೊದಲು ಸಣ್ಣ ಉರಿ ಕೊಡಬೇಕು. ಅವಸರ ಮಾಡಿದರೆ ಒಳಗುಳಿದ ತೇವ ಆವಿಯಾಗಿ ಮಡಕೆಯನ್ನೇ ಸಿಡಿಸುತ್ತದೆ. ಕಾವು 500–600 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಹೋದಾಗ ಜೇಡಿಯ ಕಣಗಳೊಳಗೆ ಬೆಸೆದುಕೊಂಡಿದ್ದ ನೀರೂ ಬಿಟ್ಟುಹೋಗುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಅದು ಮುದ್ದೆಯಾಗದು. ಆರಿದ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರೆ ಸರಿಯಾಗಿ ಬೆಂದದ್ದು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಡಬ್ ಎನ್ನುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯರಿಗೆಲ್ಲ ಇದು ಗೊತ್ತು.

ಪ್ರವಚನಗಳಲ್ಲಿ ಕುಂಬಾರ ಬಂದನೆಂದರೆ ಅದು ಬಹುಮಟ್ಟಿಗೆ ಬೈಬಲಿನ ಯೆರೆಮೀಯನ ಗ್ರಂಥದ 18ನೇ ಅಧ್ಯಾಯ. ತಿಗರಿಯ ಮೇಲೆ ಕೆಟ್ಟ ಪಾತ್ರೆಯನ್ನು ಕುಂಬಾರ ಮತ್ತೆ ಮುದ್ದೆ ಮಾಡಿ ಬೇರೆ ಪಾತ್ರೆ ಮಾಡುತ್ತಾನೆ. ದೇವರೂ ಹಾಗೆಯೇ ಎಂಬ ಸಮಾಧಾನ. ಆದರೆ ಪುಟ ತಿರುಗಿಸಿದರೆ 19ನೇ ಅಧ್ಯಾಯದಲ್ಲಿ ಅದೇ ಪ್ರವಾದಿ ಕುಂಬಾರನಿಂದ ಹೂಜಿ ಕೊಂಡು, ಹಿರಿಯರನ್ನು ಹಿನ್ನೋಮ್ ಕಣಿವೆಗೆ ಕರೆದೊಯ್ದು, ಅವರೆದುರು ಒಡೆದು ಹಾಕುತ್ತಾನೆ. ಇದನ್ನು ಮತ್ತೆ ಸರಿಮಾಡಲಾಗದು ಎನ್ನುತ್ತಾನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡು ಅಧ್ಯಾಯಗಳ ನಡುವೆ ಹೇಳದೆ ಬಿಟ್ಟಿರುವುದು ಆವಿಗೆಯನ್ನು. ತಿದ್ದಿಸಿಕೊಳ್ಳುವ ಸುಖವನ್ನಷ್ಟೇ ಬೋಧಿಸಿ, ಬೆಂದ ಮೇಲೆ ಹೊರಬೇಕಾದ ಹೊಣೆಯನ್ನು ಬಿಟ್ಟುಬಿಡುವ ಪ್ರವಚನ ನನಗೆ ಅರೆಬೆಂದದ್ದಾಗಿಯೇ ಕೇಳಿಸುತ್ತದೆ.

ಆವಿಗೆಯ ಮುಂದೆ ಕೂತವನನ್ನು ಕಂಡದ್ದು ಸಿರಾಖನ ಗ್ರಂಥ. ಅದರ 38ನೇ ಅಧ್ಯಾಯದಲ್ಲಿ ಕುಂಬಾರ ಕಾಲಿನಿಂದ ತಿಗರಿ ತಿರುಗಿಸುತ್ತಾನೆ, ಆವಿಗೆ ಶುಚಿಮಾಡಲು ನಿದ್ದೆಗೆಡುತ್ತಾನೆ. ಸಭೆಯಲ್ಲಿ ಅವನನ್ನು ಯಾರೂ ಸಲಹೆ ಕೇಳುವುದಿಲ್ಲ, ನ್ಯಾಯಪೀಠದಲ್ಲಿ ಕೂರಿಸುವುದಿಲ್ಲ. ಆದರೂ ಲೋಕ ನಿಂತಿರುವುದು ಇಂಥವರಿಂದ, ಅವರ ಕೆಲಸದಲ್ಲೇ ಅವರ ಪ್ರಾರ್ಥನೆ ಎಂದು ಅಧ್ಯಾಯ ಮುಗಿಯುತ್ತದೆ.

ಕೆಲಸವನ್ನು ಹೀಗೆ ಕಂಡವರು ನಮ್ಮ ಕರಾವಳಿಯಲ್ಲೂ ಇದ್ದರು. ಮತಾಂತರವಾದವರಿಗೆ ಜಾತಿಯವರು ಬಾಗಿಲು ಮುಚ್ಚಿದಾಗ ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಅವರಿಗೆ ಮಗ್ಗ ಕೊಟ್ಟಿತು. 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ನೇತ್ರಾವತಿ ದಂಡೆಯ ಜೇಡಿ, ಆವಿಗೆಯ ಉರಿ, ಹಳೆಯ ಮನೆಗೆ ಮರಳುವ ದಾರಿ ಇಲ್ಲದ ಕೆಲಸಗಾರರು. ಮುಂದೆ ಮಲಬಾರಿನ ಕೋಡಕ್ಕಲ್, ಫೆರೋಕ್‌ಗಳಿಗೂ ಈ ಉದ್ಯಮ ಹಬ್ಬಿತು. ಒಂದನೇ ಮಹಾಯುದ್ಧ ಬಂದಾಗ ಬ್ರಿಟಿಷರು ಇವನ್ನೆಲ್ಲ ವಶಪಡಿಸಿಕೊಂಡರು, ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ನಡೆಸಿತು.

ಸಿರಾಖನ ಗ್ರಂಥ ಕ್ಯಾಥೊಲಿಕರ ಬೈಬಲಿನಲ್ಲಿದೆ, ಪ್ರೊಟೆಸ್ಟೆಂಟರು ಅದನ್ನು ಅಂಗೀಕೃತ ಗ್ರಂಥಗಳ ಸಾಲಿಗೆ ಸೇರಿಸುವುದಿಲ್ಲ. ಬಾಸೆಲ್ ಮಿಷನ್ನಿನವರು ಆ ಮಾತಿನ ಆಸರೆ ಇಲ್ಲದೆಯೇ ಆವಿಗೆ ಹೂಡಿದರು. 1868ರಲ್ಲಿ ಅವರಿಗೆ ಪೈಪೋಟಿಯಾಗಿ ಹಂಚು ಸುಡಲು ಇಳಿದ ಅಲ್ಬುಕರ್ಕ್ ಮನೆತನ ಕ್ಯಾಥೊಲಿಕರದು.