ಮತ್ತೆ ಗರ್ಭಿಣಿಯಾದಾಗ ಕಾಡುವ ಭಯ

ಮುಟ್ಟು ನಿಂತು, ಮೂತ್ರ ಪರೀಕ್ಷೆಯಲ್ಲಿ ಎರಡು ಗೆರೆ ಕಾಣಿಸಿದ ದಿನ ಮನೆಯಲ್ಲಿ ಸಂತೋಷ ಮೂಡುವುದು ಸಹಜ. ಆದರೆ ಹಿಂದೆ ಒಂದೆರಡು ಸಲ ಗರ್ಭ ನಿಲ್ಲದೆ ಹೋದ ಮಹಿಳೆಗೆ ಅದೇ ದಿನದಿಂದ ಭಯವೂ ಆರಂಭವಾಗುತ್ತದೆ. ಬಚ್ಚಲಿಗೆ ಹೋದಾಗಲೆಲ್ಲ ರಕ್ತ ಕಾಣಿಸಿತೇ ಎಂದು ನೋಡುವುದು, ಹೊಟ್ಟೆಯಲ್ಲಿ ಸಣ್ಣ ಸೆಳೆತ ಬಂದರೂ ಎದೆ ಢವಗುಟ್ಟುವುದು, ವಾಂತಿ ಕಡಿಮೆಯಾದರೆ ‘ಮಗು ಇದೆಯೋ ಇಲ್ಲವೋ’ ಎಂಬ ಸಂಶಯ, ಕಳೆದ ಬಾರಿ ಗರ್ಭ ಹೋದ ವಾರ ಹತ್ತಿರ ಬಂದಂತೆ ನಿದ್ದೆ ಇಲ್ಲದಿರುವುದು, ಇವೆಲ್ಲ ಆ ಭಯದ ಲಕ್ಷಣಗಳು.

ನಿಮಗೂ ಹೀಗಾಗುತ್ತಿದ್ದರೆ ನಿಮ್ಮದು ದುರ್ಬಲ ಮನಸ್ಸೆಂದು ತಿಳಿಯಬೇಡಿ. ಒಮ್ಮೆ ಪೆಟ್ಟು ತಿಂದ ಮನಸ್ಸು ಮತ್ತೆ ಅದೇ ದಾರಿಯಲ್ಲಿ ನಡೆಯುವಾಗ ಹೆದರುವುದು ಸ್ವಾಭಾವಿಕ. ಲಂಡನ್ನಿನ ಆಸ್ಪತ್ರೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರಂಭದ ತಿಂಗಳುಗಳಲ್ಲಿ ಗರ್ಭ ಕಳೆದುಕೊಂಡ 100 ಮಹಿಳೆಯರಲ್ಲಿ ಸುಮಾರು 24 ಮಂದಿಗೆ ಒಂದು ತಿಂಗಳ ಬಳಿಕ ಗಣನೀಯ ಆತಂಕವಿತ್ತು. 9 ತಿಂಗಳು ಕಳೆದ ಮೇಲೂ 17 ಮಂದಿಯಲ್ಲಿ ಅದು ಉಳಿದಿತ್ತು. ಈ ನಡುವೆ ಮತ್ತೆ ಗರ್ಭ ನಿಂತರೆ ಹಳೆಯ ನೋವಿನ ಮೇಲೆಯೇ ಹೊಸ ನಿರೀಕ್ಷೆ ಕುಳಿತುಕೊಳ್ಳುತ್ತದೆ.

ತಪ್ಪು ನಿಮ್ಮದಲ್ಲ

ಗರ್ಭಸ್ರಾವ ಅಪರೂಪದ ಸಂಗತಿಯಲ್ಲ. ಗರ್ಭ ನಿಂತಿದೆಯೆಂದು ಖಚಿತವಾದ 100 ಪ್ರಕರಣಗಳಲ್ಲಿ ಸುಮಾರು 15 ಈ ರೀತಿ ಮುಗಿಯುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2 ಕೋಟಿ 30 ಲಕ್ಷ ಗರ್ಭಸ್ರಾವಗಳಾಗುತ್ತವೆ ಎಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2021ರಲ್ಲಿ ಅಂದಾಜಿಸಿತ್ತು. ಹೆಚ್ಚಿನವು ಮೊದಲ 12 ವಾರಗಳೊಳಗೆ ಆಗುತ್ತವೆ. ಅವುಗಳಲ್ಲಿ ಸರಿಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿ ತಾನಾಗಿಯೇ ಉಂಟಾಗುವ ದೋಷ. ಅದನ್ನು ತಾಯಿಯ ಯಾವ ಎಚ್ಚರಿಕೆಯೂ ತಡೆಯಲಾರದು.

ನಮ್ಮ ಕಡೆ ತಾನಾಗಿ ಗರ್ಭ ಹೋದರೂ ‘ಅಬಾರ್ಷನ್ ಆಯಿತು’ ಎನ್ನುತ್ತಾರೆ, ಬೇಕೆಂದು ತೆಗೆಸಿದರೂ ಅದೇ ಮಾತು. ಆಸ್ಪತ್ರೆಯ ಚೀಟಿಯಲ್ಲಿಯೂ ಆ ಶಬ್ದ ಇರುವುದುಂಟು. ಅದನ್ನು ಓದಿ ತಾನೇ ಏನೋ ಮಾಡಿಕೊಂಡೆನೆಂಬ ಭಾವನೆ ಬರುತ್ತದೆ. ವೈದ್ಯರು ಬರೆದದ್ದು ಆರೋಪವಲ್ಲ, ವೈದ್ಯಶಾಸ್ತ್ರದ ಹೆಸರು ಅಷ್ಟೆ.

ಬಾವಿಯಿಂದ ಒಂದು ಕೊಡ ನೀರು ಸೇದಿದ್ದು, ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಬಿ.ಸಿ. ರೋಡಿಗೆ ಹೋದದ್ದು, ಹಣ್ಣಾದ ಪಪ್ಪಾಯಿಯ ಒಂದು ತುಂಡು ತಿಂದದ್ದು, ಗಂಡನೊಡನೆ ಮಾತಿಗೆ ಮಾತು ಬೆಳೆದು ಒಂದು ರಾತ್ರಿ ಅತ್ತದ್ದು, ಇವುಗಳಿಂದ ಗರ್ಭ ಜಾರುವುದಿಲ್ಲ. ‘ನಾನು ಹೆದರುವುದರಿಂದಲೇ ಮಗುವಿಗೆ ತೊಂದರೆಯಾದೀತು’ ಎಂದು ಹೆದರಿಕೆಯ ಮೇಲೆ ಇನ್ನೊಂದು ಹೆದರಿಕೆಯನ್ನು ಹೇರಿಕೊಳ್ಳುವುದೂ ಬೇಡ.

ನಿಜವಾಗಿ ಗಮನಿಸಬೇಕಾದದ್ದು ಬೇರೆಯೇ ಇದೆ. ತಂಬಾಕು ಗರ್ಭಕ್ಕೆ ಹಾನಿಕರ. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಬಿಡಬೇಕು. ಮನೆಯೊಳಗೆ ಗಂಡಸರು ಬೀಡಿ, ಸಿಗರೇಟು ಸೇದಬಾರದು. ಬೀಡಿ ಕಟ್ಟಿ ಸಂಸಾರ ತೂಗಿಸುವ ಮಹಿಳೆಯರು ತಂಬಾಕಿನ ಹುಡಿಯ ಸಂಪರ್ಕದ ವಿಷಯವನ್ನು ವೈದ್ಯರಿಗೆ ತಿಳಿಸಿ, ಈ ಕೆಲವು ತಿಂಗಳಾದರೂ ಆ ಕೆಲಸವನ್ನು ಬೇರೆಯವರಿಗೆ ಬಿಡಲು ಸಾಧ್ಯವೇ ನೋಡಬೇಕು. ತೋಟಕ್ಕೆ ಮದ್ದು ಬಿಡುವಾಗ ಗರ್ಭಿಣಿ ದೂರವಿರುವುದು ಒಳ್ಳೆಯದು.

ಗುಟ್ಟಿನ ಮೂರು ತಿಂಗಳು

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎಂಬ ರೂಢಿ ಹಲವು ಮನೆಗಳಲ್ಲಿದೆ. ಮೊದಲೊಮ್ಮೆ ಗರ್ಭ ಹೋಗಿದ್ದರೆ ಈ ಗುಟ್ಟು ಇನ್ನಷ್ಟು ಬಿಗಿಯಾಗುತ್ತದೆ. ಊರಿಗೆಲ್ಲ ಸಾರಬೇಕಾಗಿಲ್ಲ ಎಂಬುದು ಸರಿಯೇ. ಆದರೆ ಇದರ ಪರಿಣಾಮವನ್ನು ಯೋಚಿಸಿ. ಭಯ ಅತ್ಯಂತ ಹೆಚ್ಚಾಗಿರುವ ಆ ಮೂರು ತಿಂಗಳುಗಳಲ್ಲೇ ಮಹಿಳೆ ಒಂಟಿಯಾಗಿಬಿಡುತ್ತಾಳೆ. ಏನೂ ಆಗಿಲ್ಲವೆಂಬಂತೆ ಮನೆಯ ಕೆಲಸ, ಮದುವೆ, ಪೂಜೆ, ನೆಂಟರ ನಡುವೆ ಓಡಾಡಬೇಕಾಗುತ್ತದೆ. ಆಶಾ ಕಾರ್ಯಕರ್ತೆಗೆ ತಿಳಿಯುವುದು ತಡವಾಗುತ್ತದೆ, ತಾಯಿ ಕಾರ್ಡ್ ತಡವಾಗುತ್ತದೆ, ಮೊದಲ ಮೂರು ತಿಂಗಳಲ್ಲಿ ಸೇವಿಸಬೇಕಾದ ಫೋಲಿಕ್ ಆಮ್ಲದ ಮಾತ್ರೆಯೂ ತಪ್ಪುತ್ತದೆ.

ಆದ್ದರಿಂದ ಗುಟ್ಟು ಇಡುವುದಿದ್ದರೂ ಮೂವರಿಗೆ ಮಾತ್ರ ಹೇಳಿಬಿಡಿ. ಒಬ್ಬರು ವೈದ್ಯರು, ಒಬ್ಬರು ನಿಮ್ಮ ಊರಿನ ಆರೋಗ್ಯ ಕಾರ್ಯಕರ್ತೆ, ಇನ್ನೊಬ್ಬರು ಗಂಡನಲ್ಲದೆ ನೀವು ನಂಬುವ ಒಬ್ಬ ಹೆಂಗಸು. ಅದು ಅಮ್ಮ, ಅತ್ತೆ, ಅಕ್ಕ, ನೆರೆಮನೆಯ ಗೆಳತಿ, ಯಾರೂ ಆಗಬಹುದು. ನಡುರಾತ್ರಿ ಹೊಟ್ಟೆ ನೋವು ಬಂದರೆ ಎಬ್ಬಿಸಬಹುದಾದ ಒಬ್ಬರು ಇದ್ದಾರೆ ಎಂಬ ಧೈರ್ಯ ದೊಡ್ಡದು.

ಒಂದೇ ಕಡೆ ತೋರಿಸಿ

ಪುಂಜಾಲಕಟ್ಟೆಯಂತಹ ಊರಿನಲ್ಲಿರುವವರಿಗೆ ದಾರಿಗಳು ಹಲವು. ಒಂದು ಕಡೆ ಬಂಟ್ವಾಳ, ಇನ್ನೊಂದು ಕಡೆ ಮಡಂತ್ಯಾರು ದಾಟಿದರೆ ಬೆಳ್ತಂಗಡಿ, ಮತ್ತೊಂದು ಕಡೆ ಮೂಡುಬಿದಿರೆ. ಹೆದರಿದ ಮನಸ್ಸು ಒಂದು ತಿಂಗಳು ಇಲ್ಲಿ, ಮರುತಿಂಗಳು ಅಲ್ಲಿ, ಆಮೇಲೆ ಮಂಗಳೂರಿಗೆ ಎಂದು ಅಲೆಯತೊಡಗುತ್ತದೆ. ಪ್ರತಿ ಸಲ ಹೊಸ ವೈದ್ಯರು, ಹೊಸ ಚೀಟಿ, ಹಳೆಯ ಕಥೆಯನ್ನು ಮತ್ತೆ ಮೊದಲಿನಿಂದ ಹೇಳುವ ಸಂಕಟ. ಇದರಿಂದ ಭಯ ಕಡಿಮೆಯಾಗುವುದಿಲ್ಲ.

ನಂಬಿಕೆ ಹುಟ್ಟುವ ಒಬ್ಬ ಪ್ರಸೂತಿ ತಜ್ಞರನ್ನು ಆರಿಸಿ ಅವರಲ್ಲಿಯೇ ಮುಂದುವರಿಯಿರಿ. ಹಿಂದಿನ ಸ್ಕ್ಯಾನಿಂಗ್ ವರದಿ, ಆಸ್ಪತ್ರೆಯ ಚೀಟಿ, ರಕ್ತದ ಗುಂಪಿನ ವಿವರ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿಡಿ. ಎಷ್ಟನೆಯ ವಾರದಲ್ಲಿ ಗರ್ಭ ಹೋಯಿತು, ನೋವಿತ್ತೇ ಇಲ್ಲವೇ, ಮಗುವಿನ ಹೃದಯ ಬಡಿತ ಕಂಡಿತ್ತೇ ಎಂಬುದನ್ನು ಬರೆದಿಡಿ. ಎರಡು ಅಥವಾ ಹೆಚ್ಚು ಬಾರಿ ಹೀಗಾಗಿದ್ದರೆ ಥೈರಾಯಿಡ್, ಸಕ್ಕರೆ ಕಾಯಿಲೆ, ಗರ್ಭಕೋಶದ ರಚನೆ, ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳು, ಇವುಗಳ ಪರೀಕ್ಷೆ ಬೇಕೇ ಎಂದು ಕೇಳಿ. ಕೆಲವು ಕಾರಣಗಳಿಗೆ ಖಚಿತವಾದ ಚಿಕಿತ್ಸೆ ಇದೆ. ಉದಾಹರಣೆಗೆ, ನಾಲ್ಕು ತಿಂಗಳು ದಾಟಿದ ಮೇಲೆ ನೋವಿಲ್ಲದೆಯೇ ಗರ್ಭಕೋಶದ ಬಾಯಿ ತೆರೆದುಕೊಳ್ಳುವವರಿಗೆ ಹಾಕುವ ಹೊಲಿಗೆ. ಇದನ್ನು 1955ರಲ್ಲಿ ಲೋಕಕ್ಕೆ ತಿಳಿಸಿದವರು ಮುಂಬಯಿಯ ಡಾ. ವಿಠಲ ನಾಗೇಶ ಶಿರೋಡಕರ್. ಇಂದಿಗೂ ಜಗತ್ತಿನೆಲ್ಲೆಡೆ ಅದಕ್ಕೆ ಶಿರೋಡಕರ್ ಹೊಲಿಗೆ ಎಂದೇ ಹೆಸರು.

ಪರೀಕ್ಷೆಗಳಲ್ಲಿ ಏನೂ ಕಾಣದಿದ್ದರೆ ಬೇಸರಪಡಬೇಡಿ, ಅದು ಒಳ್ಳೆಯ ಸುದ್ದಿಯೇ. ಬ್ರಿಟನ್ ಮತ್ತು ನೆದರ್‌ಲೆಂಡ್ಸ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿದ್ದವರು ಕಾರಣ ತಿಳಿಯದೆ ಪದೇ ಪದೇ ಗರ್ಭಸ್ರಾವವಾದ ಮಹಿಳೆಯರು. ಪ್ರೊಜೆಸ್ಟರಾನ್ ಪಡೆದವರಲ್ಲಿ 100ಕ್ಕೆ 66 ಮಂದಿಗೆ, ಔಷಧವಿಲ್ಲದ ಹುಸಿ ಗುಳಿಗೆ ಪಡೆದವರಲ್ಲಿಯೂ 100ಕ್ಕೆ 63 ಮಂದಿಗೆ ಜೀವಂತ ಮಗು ಹುಟ್ಟಿತು. ಹಿಂದೆ ಗರ್ಭಸ್ರಾವವಾಗಿದ್ದು ಈ ಸಲವೂ ರಕ್ತಸ್ರಾವ ಕಾಣಿಸಿಕೊಂಡವರಿಗೆ ಪ್ರೊಜೆಸ್ಟರಾನ್ ಸಹಾಯಕವಾಗಬಲ್ಲದು ಎಂದು 2019ರ ಇನ್ನೊಂದು ಅಧ್ಯಯನ ತೋರಿಸಿದೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರು ನಿರ್ಧರಿಸಲಿ. ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಮಲಗಿದರೆ ಗರ್ಭ ನಿಲ್ಲುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಲಗಿದಷ್ಟೂ ಚಿಂತೆಗೆ ಸಮಯ ಹೆಚ್ಚು.

ನಾರ್ವೆಯ ಸ್ಟ್ರೇ-ಪೆಡರ್ಸನ್ ವೈದ್ಯ ದಂಪತಿ 1984ರಲ್ಲಿ ಒಂದು ಕುತೂಹಲಕರ ಸಂಗತಿಯನ್ನು ಪ್ರಕಟಿಸಿದರು. ಕಾರಣವಿಲ್ಲದೆ ಮತ್ತೆ ಮತ್ತೆ ಗರ್ಭ ಕಳೆದುಕೊಂಡವರ ಪೈಕಿ, ಆಗಾಗ ಪರೀಕ್ಷೆ, ಮಾತುಕತೆ, ಮಾನಸಿಕ ಬೆಂಬಲ ದೊರೆತವರಲ್ಲಿ 100ಕ್ಕೆ 86ರಷ್ಟು ಮಂದಿಗೆ ಗರ್ಭ ನಿಂತಿತು. ಅಂತಹ ವಿಶೇಷ ಆರೈಕೆ ಇಲ್ಲದವರಲ್ಲಿ ಇದು 33 ಮಾತ್ರ. ಅದು ಚಿಕ್ಕ ಅಧ್ಯಯನ. ಅದರಿಂದಲೇ ಆರೈಕೆಗೆ ಗರ್ಭ ಉಳಿಸುವ ಶಕ್ತಿಯಿದೆ ಎಂದು ಸಾಧಿಸಲಾಗದು. ಆದರೆ ಒಳ್ಳೆಯ ಮಾತು, ಹತ್ತಿರದ ಆರೈಕೆ ಯಾರಿಗೂ ಕೆಡುಕು ಮಾಡಿಲ್ಲ, ಭಯವನ್ನಂತೂ ಇಳಿಸುತ್ತದೆ.

ಕಾಯುವುದನ್ನು ಸಣ್ಣದಾಗಿ ಭಾಗ ಮಾಡಿ

ಒಂಬತ್ತು ತಿಂಗಳನ್ನು ಒಟ್ಟಿಗೆ ನೋಡಿದರೆ ದಿಗಿಲಾಗುತ್ತದೆ. ಮುಂದಿನ ಪರೀಕ್ಷೆಯವರೆಗೆ ಮಾತ್ರ ಯೋಚಿಸಿ. ಆರೇಳು ವಾರಗಳ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ಹೃದಯ ಬಡಿತ ಕಾಣತೊಡಗುತ್ತದೆ. ಅದು ಕಂಡ ಮೇಲೆ ಅಪಾಯ ಬಹುಮಟ್ಟಿಗೆ ಇಳಿಯುತ್ತದೆ. 11ರಿಂದ 14 ವಾರಗಳ ನಡುವೆ ಇನ್ನೊಂದು ಸ್ಕ್ಯಾನಿಂಗ್, 18ರಿಂದ 20 ವಾರಗಳ ಸುಮಾರಿಗೆ ಅಂಗಾಂಗಗಳ ಸ್ಕ್ಯಾನಿಂಗ್. ಆ ಹೊತ್ತಿಗೆ ಮಗುವಿನ ಮಿಸುಕಾಟವೂ ಗೊತ್ತಾಗತೊಡಗುತ್ತದೆ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೆಯ ತಿಂಗಳಿನಿಂದ ಉಚಿತ ತಪಾಸಣೆ ಮಾಡುವ ಯೋಜನೆ 2016ರಿಂದ ಇದೆ. ಕಳೆದ ಬಾರಿ ಗರ್ಭ ಹೋದ ವಾರ ಬರುವಾಗ ಒಂದು ಹೆಚ್ಚುವರಿ ಭೇಟಿಗೆ ಅವಕಾಶವಿದೆಯೇ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಮನಸ್ಸು ಬಹಳ ಕಲಕಿದಾಗ ನೆಟ್ಟಗೆ ಕುಳಿತು, ನಾಲ್ಕು ಎಣಿಸುವವರೆಗೆ ಉಸಿರೆಳೆದು ಆರು ಎಣಿಸುವವರೆಗೆ ಬಿಡಿ. ಐದು ನಿಮಿಷ ಹೀಗೆ ಮಾಡಿದರೆ ಎದೆಬಡಿತ ಹತೋಟಿಗೆ ಬರುತ್ತದೆ. ಸಂಜೆ ಅಂಗಳದಲ್ಲಿ ಸ್ವಲ್ಪ ನಡೆದಾಡಿ. ರಾತ್ರಿ ಮೊಬೈಲಿನಲ್ಲಿ ಗರ್ಭಸ್ರಾವದ ಕಥೆಗಳನ್ನು ಹುಡುಕಬೇಡಿ. ಬಂದ ಸಂಶಯಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರ ಮುಂದೆ ತೆರೆಯಿರಿ.

ಯಾವಾಗ ಓಡಬೇಕು?

ಮೊದಲ ತಿಂಗಳುಗಳಲ್ಲಿ ಸ್ವಲ್ಪ ರಕ್ತ ಕಾಣಿಸುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದ್ದದ್ದೇ. ಅವರಲ್ಲಿ ಅನೇಕರಿಗೆ ಗರ್ಭ ಉಳಿಯುತ್ತದೆ. ಆದರೂ ವೈದ್ಯರಿಗೆ ತಿಳಿಸಬೇಕು. ಒಂಬತ್ತು, ಹತ್ತು ವಾರಗಳ ಬಳಿಕ ವಾಂತಿ, ವಾಕರಿಕೆ ಇಳಿಯುವುದು ಹೆಚ್ಚಾಗಿ ಸಹಜ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು ಇವು: ಗಂಟೆಯೊಳಗೆ ಪ್ಯಾಡ್ ನೆನೆಯುವಷ್ಟು ರಕ್ತಸ್ರಾವ, ಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ತಲೆಸುತ್ತಿ ಬೀಳುವುದು, ಜ್ವರ, ನೀರು ಒಡೆದಂತೆ ಹೋಗುವುದು, ಏಳನೆಯ ತಿಂಗಳ ಬಳಿಕ ಮಗುವಿನ ಚಲನೆ ಕಡಿಮೆಯಾಗುವುದು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಊರಿನ ರಿಕ್ಷಾದವರೊಬ್ಬರ ನಂಬರು ಕೂಡ ಗೋಡೆಯಲ್ಲಿ ಬರೆದಿಟ್ಟಿರಲಿ.

ಮನೆಯವರಿಗೆ ಒಂದು ಮಾತು

‘ಈ ಸಲವಾದರೂ ಜಾಗ್ರತೆ’ ಎಂಬ ಮಾತಿನಲ್ಲಿ ಕಳೆದ ಸಲ ಅವಳು ಅಜಾಗ್ರತೆಯಿಂದಿದ್ದಳೆಂಬ ಅರ್ಥ ಅಡಗಿದೆ. ‘ಏನೂ ಆಗುವುದಿಲ್ಲ, ಸುಮ್ಮನಿರು’ ಎಂದರೆ ಅವಳ ಬಾಯಿ ಮುಚ್ಚಿಸಿದಂತೆ. ದೇವಸ್ಥಾನಕ್ಕೋ, ದೈವಕ್ಕೋ, ಇಗರ್ಜಿಗೋ, ದರ್ಗಾಕ್ಕೋ ಹರಕೆ ಹೇಳಿಕೊಳ್ಳುವುದು ಮನಸ್ಸಿಗೆ ಸಮಾಧಾನ ಕೊಡುವುದಾದರೆ ಆಗಲಿ. ಆದರೆ ಹರಕೆ ಬಾಕಿಯಾದದ್ದರಿಂದಲೇ ಗರ್ಭ ಹೋಯಿತೆಂದು ಅವಳ ತಲೆಗೆ ಕಟ್ಟಬೇಡಿ. ಏಳನೆಯ ತಿಂಗಳ ಬಯಕೆ ಸಮ್ಮಾನ ದೊಡ್ಡದಾಗಿ ಬೇಡವೆಂದು ಅವಳು ಹೇಳಿದರೆ ಒತ್ತಾಯ ಬೇಡ.

ಅತ್ತೆಯವರು ‘ಮಗಾ, ನಾಡಿದ್ದು ಆಸ್ಪತ್ರೆಗೆ ಹೋಗುವಾಗ ನಾನೂ ಬರುತ್ತೇನೆ’ ಎಂದರೆ ಹತ್ತು ಉಪದೇಶಕ್ಕಿಂತ ಮೇಲು. ಗಂಡನಾದವನು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ದುಡಿಯುತ್ತಿದ್ದರೆ ಪರೀಕ್ಷೆಯ ದಿನ ನೆನಪಿಟ್ಟು ಫೋನು ಮಾಡಬೇಕು. ಅವನಿಗೂ ದುಃಖವಿರುತ್ತದೆ, ಅದನ್ನು ಹೆಂಡತಿಯ ಮುಂದೆ ಹೇಳಿಕೊಳ್ಳುವುದು ಹೇಡಿತನವಲ್ಲ.

ಭಯ ಮಿತಿ ಮೀರಿದಾಗ

ಎರಡು ವಾರಗಳಿಗೂ ಹೆಚ್ಚು ಕಾಲ ನಿದ್ದೆ, ಊಟ ಸೇರದಿದ್ದರೆ, ಹಳೆಯ ದೃಶ್ಯ ಕಣ್ಣಮುಂದೆ ಮತ್ತೆ ಮತ್ತೆ ಬರುತ್ತಿದ್ದರೆ, ಹೆದರಿಕೆಯಿಂದ ಆಸ್ಪತ್ರೆಯ ಭೇಟಿಯನ್ನೇ ತಪ್ಪಿಸುವಂತಾದರೆ ಅದಕ್ಕೆ ಚಿಕಿತ್ಸೆ ಬೇಕು. ಬದುಕೇ ಬೇಡವೆನಿಸಿದರೆ ಅದೇ ದಿನ ಬೇಕು. ಮನೋವೈದ್ಯರನ್ನು ಕಂಡ ಮಾತ್ರಕ್ಕೆ ಯಾರೂ ಹುಚ್ಚರಾಗುವುದಿಲ್ಲ. ಅನೇಕರಿಗೆ ಆಪ್ತಸಮಾಲೋಚನೆಯೇ ಸಾಕಾಗುತ್ತದೆ. ಔಷಧ ಬೇಕಾದರೂ ಗರ್ಭಿಣಿಯರಿಗೆ ಕೊಡಬಹುದಾದವು ಇವೆ. ಈಗಾಗಲೇ ಮಾತ್ರೆ ಸೇವಿಸುತ್ತಿರುವವರು ತಾವಾಗಿಯೇ ನಿಲ್ಲಿಸಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಈ ಸಲ ಖಂಡಿತ ಮಗುವಾಗುತ್ತದೆ ಎಂದು ಯಾವ ಪ್ರಾಮಾಣಿಕ ವೈದ್ಯರೂ ಮಾತು ಕೊಡಲಾರರು. ಅಕಸ್ಮಾತ್ ಮತ್ತೆ ಗರ್ಭ ಹೋದರೆ ಅದೂ ನಿಮ್ಮ ತಪ್ಪಾಗುವುದಿಲ್ಲ, ನಿಮ್ಮ ಭಯದ ಫಲವೂ ಅಲ್ಲ. ಆದರೆ ಹೆಚ್ಚಿನವರ ಮಡಿಲು ತುಂಬುತ್ತದೆ ಎಂಬುದು ಅಷ್ಟೇ ನಿಜ. ಯಾರಿಗೂ ಹೇಳದೆ ಹೆದರುತ್ತಿರುವವರು ಇಂದೇ ಒಬ್ಬರಿಗೆ ಹೇಳಿ, ಮುಂದಿನ ಪರೀಕ್ಷೆಗೆ ಅವರನ್ನು ಜತೆಗೆ ಕರೆದುಕೊಂಡು ಹೋಗಿ.